ಕನ್ನಡ ಬಾರದ ಲೇಬಲ್ ಯಂತ್ರ ನಮ್ಮ ಆಫೀಸಿಗೆ ಬೇಡ

ಶಾಲೆಯ ಆಫೀಸಿಗೆ ಲೇಬಲ್ ಯಂತ್ರ ತರಿಸುವ ಮಾತು ಈಗ ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಕೇಳಿಬರುತ್ತಿದೆ. ಅಂಗೈಯಗಲದ ಯಂತ್ರ. ಕೀಲಿ ಒತ್ತಿದರೆ ಅಂಟಿನ ಪಟ್ಟಿಯ ಮೇಲೆ ಅಕ್ಷರ ಅಚ್ಚಾಗಿ ಹೊರಗೆ ಬರುತ್ತದೆ. ಒಳ್ಳೆಯದೇ. ನಮ್ಮ ಕಡೆಯ ಮಳೆಗೆ ಗೋಂದು ಹಚ್ಚಿ ಅಂಟಿಸಿದ ಕಾಗದದ ಚೀಟಿ ಜುಲೈ ಮುಗಿಯುವುದರೊಳಗೆ ಕಳಚಿ ಬೀಳುತ್ತದೆ, ಉಳಿದದ್ದನ್ನು ಜಿರಲೆ ತಿನ್ನುತ್ತದೆ. ಎ.ಇ.ಒ. ಆಫೀಸಿನವರು ಬಂದ ದಿನ ದಾಖಲಾತಿ ರಿಜಿಸ್ಟರ್ ಯಾವ ಕಪಾಟಿನಲ್ಲಿ, ಮಧ್ಯಾಹ್ನದ ಊಟದ ಲೆಕ್ಕ ಯಾವುದರಲ್ಲಿ ಎಂದು ಪರದಾಡುವುದು ನಮಗಾರಿಗೂ ಹೊಸತಲ್ಲ. ಹಾಗಾಗಿ ಯಂತ್ರವೇ ಬೇಡ ಎಂಬುದು ನಮ್ಮ ವಾದವಲ್ಲ. ಕೀಲಿಮಣೆಯಲ್ಲಿ ಎ, ಬಿ, ಸಿ, ಡಿ ಮಾತ್ರ ಇದ್ದು ಬೇರೆ ದಾರಿಯೇ ಇಲ್ಲದ ಯಂತ್ರ ಬೇಡ, ಅಷ್ಟೆ.

ಅಂಗಡಿಯವರು ಮೊದಲು ತೋರಿಸುವುದು ಅದನ್ನೇ. ಬೆಲೆ ಕಡಿಮೆ, ಕಂಪ್ಯೂಟರ್ ಬೇಡ, ಫೋನ್ ಬೇಡ. ನಮ್ಮವರೂ ತಲೆಯಾಡಿಸುತ್ತಾರೆ. "ಇಂಗ್ಲಿಷ್ ಎಲ್ಲರಿಗೂ ಗೊತ್ತುಂಟಲ್ಲ ಮಾಷ್ಟ್ರೇ, ನಾಲ್ಕು ಚೀಟಿಗೆ ಇಷ್ಟು ಗಲಾಟೆ ಯಾಕೆ?" ಎಂದು ಕೇಳುವವರಿದ್ದಾರೆ.

ಗಲಾಟೆ ಯಾಕೆಂದರೆ, ಉಳಿದ ಎಲ್ಲ ಕಡೆ ನಾವು ಗಲಾಟೆ ಮಾಡುತ್ತಲೇ ಬಂದಿದ್ದೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಬೋರ್ಡಿಗೆ, ಅರ್ಜಿ ನಮೂನೆಗೆ, ಪ್ರಶ್ನೆಪತ್ರಿಕೆಗೆ ಮನವಿ ಬರೆದು ಬರೆದು ನಮ್ಮ ಹಿರಿಯರ ಕೈ ಸೋತಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಬೀದಿಗಿಳಿದವರೂ ನಾವೇ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಎಂಬ ಸಂವಿಧಾನದ 350ಎ ವಿಧಿಯನ್ನು ಭಾಷಣದಲ್ಲಿ ಉದ್ಧರಿಸದವರಿಲ್ಲ. ಹೀಗಿರುವಾಗ ನಮ್ಮದೇ ಆಫೀಸಿನ ಕಪಾಟಿಗೆ, ಯಾರ ಒತ್ತಾಯವೂ ಇಲ್ಲದೆ, ನಮ್ಮದೇ ಪಿ.ಟಿ.ಎ. ದುಡ್ಡಿನಲ್ಲಿ ಇಂಗ್ಲಿಷ್ ಪಟ್ಟಿ ಅಂಟಿಸಲು ಹೊರಟರೆ ಏನು ಹೇಳೋಣ? ಇದಕ್ಕೆ ತಿರುವನಂತಪುರದಿಂದ ಆದೇಶವೇನೂ ಬಂದಿಲ್ಲವಲ್ಲ!

ಇನ್ನೊಂದು ಸಂಗತಿಯುಂಟು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬರುವ ಸಂಕಟ ನಮ್ಮ ಹೆತ್ತವರಿಗೆ ಚೆನ್ನಾಗಿ ಗೊತ್ತು. ಹಾಗೆ ಬಂದವರು ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ "ಹಾಜರಿ", "ದಾಖಲಾತಿ", "ವರ್ಗಾವಣೆ ಪತ್ರ" ಎಂದು ಕನ್ನಡದಲ್ಲಿ ಕಂಡರೆ ಆರು ತಿಂಗಳಲ್ಲಿ ಅಷ್ಟಾದರೂ ಓದಲು ಕಲಿಯುತ್ತಾರೆ. ಎಲ್ಲ ಇಂಗ್ಲಿಷಿನಲ್ಲೇ ಇದ್ದರೆ ಕನ್ನಡ ಶಾಲೆಯ ಆಫೀಸನ್ನು ಕನ್ನಡದ ಒಂದಕ್ಷರವೂ ಇಲ್ಲದೆ ನಡೆಸಬಹುದೆಂದು ನಾವೇ ತೋರಿಸಿಕೊಟ್ಟಂತೆ. ಆಮೇಲೆ ಕನ್ನಡ ಬಲ್ಲವರನ್ನೇ ನೇಮಿಸಿ ಎಂದು ಯಾವ ಬಾಯಲ್ಲಿ ಕೇಳುವುದು?

ಇದು ಮಲಯಾಳದ ಮೇಲಿನ ಜಗಳವಲ್ಲ. ಆ ಕೀಲಿಮಣೆಯಲ್ಲಿ ಮಲಯಾಳವೂ ಇಲ್ಲ. ಎರಡೂ ಮಾಧ್ಯಮ ಒಂದೇ ಕಟ್ಟಡದಲ್ಲಿರುವ ಶಾಲೆಗಳಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ ಅಂಟಿಸಿದರೆ ಯಾರಿಗೆ ತೊಂದರೆ? ಈ ವಿಷಯದಲ್ಲಿ ಪಕ್ಕದ ಸ್ಟಾಫ್ ರೂಮಿನವರೂ ನಮ್ಮ ಜತೆ ನಿಲ್ಲಬೇಕಾದವರೇ.

ಹಾಗಾದರೆ ಯಾವುದನ್ನು ಕೊಳ್ಳುವುದು? ಫೋನಿನಿಂದಲೋ ಕಂಪ್ಯೂಟರಿನಿಂದಲೋ ಅಕ್ಷರ ಕಳುಹಿಸುವ ಯಂತ್ರವನ್ನು. ಆಗ ಅಕ್ಷರ ಕೂಡಿಸುವುದು ಯಂತ್ರವಲ್ಲ, ಫೋನು. ಫೋನಿನಲ್ಲಿ ಯುನಿಕೋಡ್ ಕನ್ನಡ ಹೇಗೂ ಇದೆ. ಆದರೆ ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಫೋನಿಗೆ ಜೋಡಿಸುವ ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಬಿಸಿಗೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸುತ್ತವೆ, ಎ.ಟಿ.ಎಂ. ಚೀಟಿಯ ಹಾಗೆ. ಆ ಚೀಟಿಯನ್ನು ಕಿಸೆಯಲ್ಲಿಟ್ಟು ಮರೆತವರಿಗೆ ಅದರ ಗತಿ ಗೊತ್ತು. ಕಿಟಕಿ ಬದಿಯ ಕಬ್ಬಿಣದ ಕಪಾಟಿನ ಮೇಲೆ ಏಪ್ರಿಲ್ ಬಿಸಿಲು ಬಿದ್ದರೆ ಹೆಸರು ಮಾಸುತ್ತದೆ. ಬೇಕಾದದ್ದು ಶಾಯಿಪಟ್ಟಿಯಿಂದ ಅಕ್ಷರ ಇಳಿಸಿ, ಮೇಲೆ ಪ್ಲಾಸ್ಟಿಕ್ ಪೊರೆ ಹೊದಿಸುವ ಲ್ಯಾಮಿನೇಟೆಡ್ ಟೇಪು. ನೀರು ಬಿದ್ದರೆ ಒರೆಸಿದರಾಯಿತು. ಅದೂ ಇದ್ದು ಫೋನಿಗೂ ಜೋಡಣೆಯಾಗುವ ಯಂತ್ರಗಳು ಸಿಗುತ್ತವೆ. ಬ್ರದರ್ ಕಂಪೆನಿಯ ಪಿ-ಟಚ್ ಕ್ಯೂಬ್‌ನಲ್ಲಿ ಕೀಲಿಮಣೆಯೇ ಇಲ್ಲ.

ಟೇಪಿನ ಅಗಲ ನೋಡದೆ ಕೊಳ್ಳಬೇಡಿ. ಇಂಗ್ಲಿಷಿಗೆ 9 ಮಿ.ಮೀ. ಸಾಕು. ನಮ್ಮ ಲಿಪಿಗೆ ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು, ಒಟ್ಟು ಮೂರು ಅಂತಸ್ತು. 12 ಮಿ.ಮೀ. ಟೇಪಿನಲ್ಲಿ ಒಂದು ಸಾಲು ಚೆನ್ನಾಗಿ ಬರುತ್ತದೆ, ಎರಡು ಸಾಲು ಹೊಡೆದರೆ ಒತ್ತಕ್ಷರ ಇರುವೆಯಷ್ಟಾಗುತ್ತದೆ. ಎರಡು ಭಾಷೆ ಬೇಕೆನ್ನುವವರು 18 ಅಥವಾ 24 ಮಿ.ಮೀ. ಹಿಡಿಸುವ ಯಂತ್ರವನ್ನೇ ಕೇಳಬೇಕು.

ಕಂಪ್ಯೂಟರಿಗೆ ಮಾತ್ರ ಜೋಡಿಸುವ ಯಂತ್ರವಾದರೆ ಇನ್ನೊಂದು ಎಚ್ಚರ. ನಮ್ಮ ಶಾಲೆಗಳಲ್ಲಿರುವುದು ಕೈಟ್‌ನವರ ಉಬುಂಟು ಆಧಾರಿತ ಲ್ಯಾಪ್‌ಟಾಪ್. ಹೆಚ್ಚಿನ ಲೇಬಲ್ ಯಂತ್ರಗಳ ತಂತ್ರಾಂಶ ವಿಂಡೋಸ್‌ಗೂ ಮ್ಯಾಕ್‌ಗೂ ಮಾತ್ರ. ಮೊದಲೇ ವಿಚಾರಿಸದಿದ್ದರೆ ಯಂತ್ರ ಡಬ್ಬದಲ್ಲೇ ಉಳಿದು, ಅದಕ್ಕೇ ಒಂದು ಲೇಬಲ್ ಅಂಟಿಸಬೇಕಾದೀತು.

ಖರ್ಚಿನ ಲೆಕ್ಕ ಯಂತ್ರದಲ್ಲಿಲ್ಲ, ಟೇಪಿನಲ್ಲಿದೆ. ಲ್ಯಾಮಿನೇಟೆಡ್ ಟೇಪಿನ ಸಾಮಾನ್ಯ ಸುರುಳಿ 8 ಮೀಟರ್. ಪ್ರತಿ ಸಲ ಮುದ್ರಿಸುವಾಗ ಸುಮಾರು 2.5 ಸೆಂ.ಮೀ. ಖಾಲಿ ಟೇಪು ಹಾಳಾಗುತ್ತದೆ. 7 ಸೆಂ.ಮೀ. ಉದ್ದದ ಲೇಬಲ್ಲುಗಳನ್ನು ಒಂದೊಂದಾಗಿ ಹೊಡೆದರೆ 84 ಬರುತ್ತವೆ, ಸಾಲಾಗಿ ಒಟ್ಟಿಗೆ ಹೊಡೆದು ಕತ್ತರಿಸಿದರೆ 110 ದಾಟುತ್ತದೆ. ಆದ್ದರಿಂದ ಪಟ್ಟಿ ಮೊದಲು ಕಾಗದದಲ್ಲಿ ಬರೆದು, ಕಾಗುಣಿತ ತಿದ್ದಿಕೊಂಡು (ಇದು ನಮಗೂ ಬೇಕು), ಆಮೇಲೆ ಯಂತ್ರ ಮುಟ್ಟುವುದು ಮೇಲು.

ಅಂಗಡಿಯಲ್ಲೇ "ರಾಷ್ಟ್ರೀಯ", "ವಿದ್ಯಾರ್ಥಿ", "ಮುಖ್ಯೋಪಾಧ್ಯಾಯ" ಈ ಮೂರನ್ನು ಹೊಡೆಸಿ ನೋಡಿ. ಒತ್ತು ಬಿಡಿಯಾಗಿ ನಿಂತರೆ, ಅರ್ಕಾವತ್ತು ತಪ್ಪು ಜಾಗಕ್ಕೆ ಹಾರಿದರೆ, ಅಕ್ಷರದ ಬದಲು ಚೌಕ ಬಂದರೆ ಆ ಯಂತ್ರ ಕಪಾಟಿಗೆ ಹಿಂದೆ ಹೋಗಲಿ. "ಅದೆಲ್ಲ ಅಪ್‌ಡೇಟ್‌ನಲ್ಲಿ ಸರಿಯಾಗುತ್ತದೆ" ಎಂಬ ಮಾತಿಗೆ ಹಣ ಕೊಡಬೇಡಿ.

ಇಷ್ಟೆಲ್ಲ ಹೊಂದುವ ಯಂತ್ರಕ್ಕೆ ದುಡ್ಡು ಸಾಲದಿದ್ದರೆ? ದಪ್ಪ ಕಾಗದ, ಮಾರ್ಕರ್ ಪೆನ್ನು, ಮೇಲೆ ಅಗಲದ ಸೆಲ್ಲೋಟೇಪು. ಏಳನೇ ತರಗತಿಯಲ್ಲಿ ದುಂಡಗೆ ಬರೆಯುವ ಒಂದು ಹುಡುಗಿ ಯಾವ ಶಾಲೆಯಲ್ಲೂ ಇದ್ದೇ ಇರುತ್ತಾಳೆ.

ಕೊಳ್ಳುವುದೇ ಆದರೆ ಕೊಟೇಶನ್ ಕೇಳುವ ಕಾಗದದಲ್ಲಿ "ಕನ್ನಡ ಅಕ್ಷರಗಳನ್ನು ಒತ್ತಕ್ಷರ ಸಹಿತ ಮುದ್ರಿಸತಕ್ಕದ್ದು, ಮಾದರಿ ಲಗತ್ತಿಸತಕ್ಕದ್ದು" ಎಂದು ಸೇರಿಸಿ. ಅದನ್ನು ಪಿ.ಟಿ.ಎ. ನಡಾವಳಿಯಲ್ಲೂ ಬರೆಸಿ. ಮಾದರಿ ಬಾರದ ಕೊಟೇಶನ್ ಎಷ್ಟೇ ಕಡಿಮೆಯದ್ದಿರಲಿ, ಬದಿಗಿಡಿ.