ಎತ್ತುವ ಮುನ್ನ ತೂಕದ ಲೆಕ್ಕ

ಅಮೆರಿಕದಲ್ಲಿ ಕಾರಿನ ಗೀಳುಳ್ಳ ಕೆಲವರು ಮನೆಯ ಗ್ಯಾರೇಜಿನಲ್ಲೇ ಎರಡು ಕಂಬಗಳ ಲಿಫ್ಟ್ ಇಟ್ಟುಕೊಂಡಿರುತ್ತಾರೆ. ಕಂಬಗಳಿಂದ ಚಾಚಿದ ನಾಲ್ಕು ತೋಳುಗಳು ಒಂದೂವರೆ ಟನ್ನಿಗೂ ಮಿಕ್ಕಿದ ಕಾರನ್ನು ಆಳೆತ್ತರಕ್ಕೆ ಏರಿಸುತ್ತವೆ. ಅದು ಬೀಳದಿರುವುದು ಹೇಗೆ?

ಉತ್ತರ ಹೈಸ್ಕೂಲಿನ ಪಾಠದಲ್ಲೇ ಇದೆ. ಕಾರಿನ ಗುರುತ್ವಕೇಂದ್ರದಿಂದ ಕೆಳಗೆಳೆದ ಲಂಬರೇಖೆ ನಾಲ್ಕು ಆಧಾರಗಳ ನಡುವೆ ಬೀಳಬೇಕು. ಆದರೆ ಆ ಕೇಂದ್ರ ಕಾರಿನ ನಟ್ಟನಡುವೆಯೇ ಇರಬೇಕೆಂದಿಲ್ಲ. ಷೆವರ್ಲೆ ಕಾರ್ವೆಟ್ ಕಾರಿನ ಎಂಜಿನ್ 2019ರ ಮಾದರಿಯವರೆಗೆ ಮುಂದಿತ್ತು. 2020ರ ಮಾದರಿಯಲ್ಲಿ ಚಾಲಕನ ಬೆನ್ನ ಹಿಂದೆ ಬಂತು. ಈಗ ಶೇಕಡ ಸುಮಾರು 60 ಭಾಗ ಭಾರ ಹಿಂದಿನ ಗಾಲಿಗಳ ಮೇಲಿದೆ. ಮುಂದಿನ, ಹಿಂದಿನ ಗಾಲಿಗಳ ಅಂತರ 272 ಸೆಂ.ಮೀ. ಸನ್ನೆಯ ನಿಯಮದಂತೆ ಗುರುತ್ವಕೇಂದ್ರವು ಈ ಅಂತರದ ನಡುಬಿಂದುವಿಗಿಂತ ಸುಮಾರು 27 ಸೆಂ.ಮೀ. ಹಿಂದಿದೆ. ಲೆಕ್ಕ ಮಾಡಿ ನೋಡಿ.

ಇಂಥ ಕಾರಿನ ತಳ ನೆಲಕ್ಕೆ ತೀರ ಹತ್ತಿರ. ಮೊದಲು ಗಾಲಿಗಳನ್ನು ಹಲಗೆಗಳ ಮೇಲೆ ಹತ್ತಿಸಿ ತೋಳಿಗೆ ಜಾಗ ಮಾಡುತ್ತಾರೆ. ತಯಾರಕರು ಸೂಚಿಸಿದ ಕಡೆಯಲ್ಲೇ ತೋಳಿನ ರಬ್ಬರ್ ಬಿಲ್ಲೆ ತಾಗಬೇಕು. ಗಾಲಿ ನೆಲ ಬಿಟ್ಟೊಡನೆ ನಿಲ್ಲಿಸಿ, ಕಾರನ್ನು ಅಲುಗಿಸಿ ನೋಡಬೇಕು. ಮೇಲೇರಿದ ನಂತರ ಭಾರವನ್ನು ಎಣ್ಣೆಯ ಒತ್ತಡಕ್ಕೆ ಬಿಡದೆ ಕಂಬದೊಳಗಿನ ಉಕ್ಕಿನ ಲಾಕ್ ಮೇಲೆ ಇಳಿಸಬೇಕು. ಎಣ್ಣೆ ಸೋರಿದರೂ ಲಾಕ್ ಹಿಡಿದುಕೊಳ್ಳುತ್ತದೆ. ಎಂಜಿನ್ ಕಳಚಿದರೆ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದೆ. ಅದಕ್ಕೆ ಮೊದಲೇ ಮುಂಭಾಗಕ್ಕೆ ಆಸರೆ ಕೊಡದಿದ್ದರೆ ಕಾರು ಮುಗ್ಗರಿಸೀತು; ಕೆಳಗೆ ಮನುಷ್ಯನಿರುತ್ತಾನೆ.

ವಿದ್ಯಾರ್ಥಿಗಳೇ, ಅಡಿಪಟ್ಟಿಯ ಒಂದು ತುದಿಗೆ ರಬ್ಬರ್ ಕಟ್ಟಿ, ಬೆರಳ ಮೇಲೆ ಸಮತೋಲದಲ್ಲಿ ನಿಲ್ಲಿಸಿ. ಈಗ ರಬ್ಬರ್ ಬಿಚ್ಚಿ ತೆಗೆಯಿರಿ. ಪಟ್ಟಿ ಯಾವ ಕಡೆಗೆ ವಾಲಿತು?