ಮೊದಲು ಟ್ವೆಂಟಿ, ಆಮೇಲೆ ಥರ್ಟೀನ್
ಪತ್ರಿಕೆಗಳ ಜಲಾಶಯ ಮಟ್ಟದ ಪಟ್ಟಿಯಲ್ಲಿ ಅಚ್ಚಾಗುವ, ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದ ಗರಿಷ್ಠ ಮಟ್ಟವಾದ 124.80 ಅಡಿಯನ್ನು ಇಂಗ್ಲಿಷಿನಲ್ಲಿ ಸಲೀಸಾಗಿ ಓದುವ ಪಾಂಡವಪುರ, ಕೆ.ಆರ್. ಪೇಟೆ ಅಥವಾ ನಾಗಮಂಗಲದ ಮಗುವೂ 114 ಎಂಬಲ್ಲಿ ತಡವರಿಸಿದರೆ, ಅದಕ್ಕೆ ಕಾರಣ ಮಗುವಿನ ಬುದ್ಧಿಯಲ್ಲಿಲ್ಲ, ಆ ಭಾಷೆಯ ಎಣಿಕೆಯ ಕ್ರಮದಲ್ಲಿದೆ. ಇಪ್ಪತ್ತನಾಲ್ಕು ಮತ್ತು ಟ್ವೆಂಟಿ ಫೋರ್ ಎರಡರಲ್ಲೂ ಹತ್ತರ ಸ್ಥಾನ, ಅಂದರೆ ಎಡಗಡೆಯ ಅಂಕಿ, ಮೊದಲು ಉಚ್ಚಾರವಾಗುತ್ತದೆ. ಆದರೆ ಹದಿನಾಲ್ಕರಲ್ಲಿ ಹತ್ತು ಮುಂದಿದ್ದರೆ ಫೋರ್ಟೀನ್‌ನಲ್ಲಿ ನಾಲ್ಕು ಮುಂದೆ ಬರುವುದರಿಂದ, ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯುವ ಮಗು 14ನ್ನು 41 ಮಾಡುವ, ಫೋರ್ಟೀನನ್ನು ಫಾರ್ಟಿಯೊಂದಿಗೆ ಬೆರೆಸುವ ಸಂಭವ ಉಂಟು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದ ರಾಜ್ಯಕ್ಕೆ ಇದು ಸಣ್ಣ ಸಂಗತಿಯಲ್ಲ. ಒಂದರಿಂದ ನೂರರವರೆಗೆ ಸಾಲಾಗಿ ಬಾಯಿಪಾಠ ಮಾಡಿಸುವ ಬದಲು, ಹತ್ತರವರೆಗೆ ಕಲಿಸಿದ ಮೇಲೆ ನೇರವಾಗಿ ಟ್ವೆಂಟಿಯಿಂದ ನೈಂಟಿ ನೈನ್‌ವರೆಗಿನ ನಿಯಮಬದ್ಧ ಭಾಗಕ್ಕೆ ಹೋಗಿ, ಇಲೆವೆನ್, ಟ್ವೆಲ್ವ್ ಎಂಬ ಒಂಟಿ ಪದಗಳನ್ನೂ ಥರ್ಟೀನ್‌ನಿಂದ ನೈಂಟೀನ್‌ವರೆಗಿನ ತಿರುವುಮುರುವಿನ ಗುಂಪನ್ನೂ ಕೊನೆಗೆ, ಅಂಕಿಗಳನ್ನು ಬರೆದು ತೋರಿಸುತ್ತಾ ಹೇಳಿಕೊಡುವುದೇ ಕನ್ನಡದಲ್ಲಿ ಎಣಿಸಬಲ್ಲ ಮಗುವಿಗೆ ಸರಿಯಾದ ದಾರಿ.