ಬೂಷ್ಟು ಕೊಟ್ಟ ಮದ್ದು, ಬೂಷ್ಟಿನದೇ ಭಯ

ಹಳೆಯ ಬ್ರೆಡ್ಡಿನ ಮೇಲೆ, ತೇವದ ಗೋಡೆಯ ಮೇಲೆ, ಕೊಳೆತ ಹುಲ್ಲಿನಲ್ಲಿ ಬೆಳೆಯುವ ಬೂಷ್ಟನ್ನು ನೀವೆಲ್ಲ ನೋಡಿದ್ದೀರಿ. ಆಸ್ಪರ್ಜಿಲಸ್ ಎಂಬುದು ಅಂಥದೊಂದು ಶಿಲೀಂಧ್ರ. ಅದರ ಬೀಜಕದ ಗಾತ್ರ ಕೇವಲ 2ರಿಂದ 3 ಮೈಕ್ರಾನ್. ಒಂದು ಮಿಲಿಮೀಟರ್ ಉದ್ದಕ್ಕೆ ಮುನ್ನೂರಕ್ಕೂ ಹೆಚ್ಚು ಬೀಜಕಗಳನ್ನು ಸಾಲಾಗಿ ಜೋಡಿಸಬಹುದು! ದಿನವೂ ನಾವು ಇವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತೇವೆ. ಆದರೂ ಏನೂ ಆಗುವುದಿಲ್ಲ, ಏಕೆ? ಶ್ವಾಸಕೋಶದಲ್ಲಿ ಕಾವಲಿರುವ ಬಿಳಿಯ ರಕ್ತಕಣಗಳು ಅವನ್ನು ನುಂಗಿಬಿಡುತ್ತವೆ.

ಬೇರೊಬ್ಬರ ಮೂತ್ರಪಿಂಡ, ಯಕೃತ್ತು ಅಥವಾ ಹೃದಯವನ್ನು ಕಸಿ ಮಾಡಿಸಿಕೊಂಡವರ ಸ್ಥಿತಿ ಬೇರೆ. ಬಿಳಿಯ ರಕ್ತಕಣಗಳಿಗೆ ಹೊಸ ಅಂಗವೂ ಪರಕೀಯವೇ. ಅದರ ಮೇಲೂ ದಾಳಿ ಮಾಡುತ್ತವೆ. 1954ರಲ್ಲಿ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಅವರ ತಂಡ ಮಾಡಿದ ಮೂತ್ರಪಿಂಡದ ಕಸಿ ಫಲಿಸಿತು. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದುದೇ ಅದಕ್ಕೆ ಕಾರಣ. ಉಳಿದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕೇ ಬೇಕು. 1983ರಲ್ಲಿ ಅಮೆರಿಕದ ಮಾನ್ಯತೆ ಪಡೆದ ಸೈಕ್ಲೋಸ್ಪೋರಿನ್ ಅಂಥದೊಂದು ಔಷಧಿ. ಅದು ದೊರೆತದ್ದು ನಾರ್ವೆಯ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ! ಒಂದು ಬೂಷ್ಟು ಅಂಗವನ್ನು ಉಳಿಸುತ್ತದೆ. ಕಾವಲು ಸಡಿಲವಾದಾಗ ಇನ್ನೊಂದು ಶ್ವಾಸಕೋಶದಲ್ಲಿ ಎಳೆಗಳನ್ನು ಚಾಚಿ ರಕ್ತನಾಳಗಳಿಗೂ ನುಗ್ಗುತ್ತದೆ.

ವೈರಸ್‌ಗಳ ಕಥೆಯೂ ಇದೇ. ಸೈಟೊಮೆಗಾಲೊ ವೈರಸ್ ನಮ್ಮಲ್ಲಿ ಬಹುಮಂದಿಯ ಮೈಯಲ್ಲಿ ಬಾಲ್ಯದಿಂದಲೇ ತೆಪ್ಪಗೆ ಅಡಗಿರುತ್ತದೆ. ಕಸಿಯ ನಂತರ ಅದು ಎಚ್ಚೆತ್ತು ನ್ಯುಮೋನಿಯ ತರಬಲ್ಲದು. ನಮ್ಮನ್ನು ನಾಲ್ಕು ದಿನ ಮಲಗಿಸುವ ಫ್ಲೂ ಅವರ ಪ್ರಾಣಕ್ಕೇ ಎರವಾಗಬಹುದು. ಔಷಧಿಗಳ ಪ್ರಭಾವದಿಂದ ಜ್ವರ ಜೋರಾಗಿ ಕಾಣಿಸದೆಯೂ ಇರಬಹುದು. ಆದ್ದರಿಂದ ಸಣ್ಣ ಜ್ವರ, ಒಣಕೆಮ್ಮು, ಏದುಸಿರು ಕಂಡರೂ ಅಂದೇ ವೈದ್ಯರನ್ನು ಕಾಣಬೇಕು. ಸೋಂಕಿಗೆ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಹೊಸ ಅಂಗವೇ ಕೈತಪ್ಪೀತು.

ಪೋಷಕರೇ, ಆಸ್ಪತ್ರೆಯಿಂದ ಬಂದವರನ್ನು ನೋಡಲು ಹಣ್ಣು ಹಿಡಿದು ಮನೆಮಂದಿಯೆಲ್ಲ ಹೋಗುವುದು ನಮ್ಮ ರೂಢಿ. ಇಲ್ಲಿ ಮಾತ್ರ ನೆಗಡಿ, ಕೆಮ್ಮು ಇರುವವರು ಹೋಗದಿರುವುದೇ ಉಪಕಾರ. ಜೊತೆಯಲ್ಲಿರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ಗೋಡೆ ಒಡೆಯುವ ಧೂಳು, ಹುಲ್ಲಿನ ಬಣವೆ, ಗೊಬ್ಬರದ ಗುಂಡಿ ಇವುಗಳ ಹತ್ತಿರ ಕಸಿಯಾದವರನ್ನು ಕಳಿಸಬೇಡಿ.

ವಿದ್ಯಾರ್ಥಿಗಳೇ, ಕಸಿ ಮಾಡಿಸಿಕೊಂಡ ಸಹಪಾಠಿ ಮುಖಗವಸು ಧರಿಸಿ ತರಗತಿಗೆ ಬಂದರೆ ದೂರ ಸರಿದು ಕೂರಬೇಡಿ. ಅವನ ಕಸಿ ನಿಮಗೆ ಅಂಟುವಂಥದಲ್ಲ. ನಿಮ್ಮ ಕೆಮ್ಮು ಅವನಿಗೆ ಅಂಟುವಂಥದು. ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯುವುದನ್ನು ಕಲಿತರೆ, ಒಂದು ಜೀವವನ್ನು ಕಾಯುವುದರಲ್ಲಿ ನಿಮ್ಮದೂ ಪಾಲಿದೆ.